ನಾನು ಹೊರಗೆ ಹೋದರೆ ಬೀಳುವ ವಿಕೆಟ್

ನಮ್ಮ ದೇಶದ ಕ್ರಿಕೆಟ್ ತಂಡವನ್ನು ಅರವತ್ತು ವರ್ಷಗಳಿಂದ ನಡೆಸುತ್ತಿರುವವರು ನನ್ನ ಅಪ್ಪ. ಶಿರ್ವದ ನಮ್ಮ ಮನೆಯ ಬೆಂಚಿನ ಮೇಲೆ ಕುಳಿತು ನಡೆಸುತ್ತಾರೆ. ಎಷ್ಟೋ ಕ್ಯಾಪ್ಟನ್‌ಗಳು ಬಂದರು, ಹೋದರು. ಒಬ್ಬನಿಗಾದರೂ ಇದು ಗೊತ್ತುಂಟಾ? ಗೊತ್ತಿದ್ದರೆ ಒಂದು ಕಾಗದವಾದರೂ ಬರೆಯುತ್ತಿದ್ದರು. ಅಪ್ಪನಿಗಲ್ಲ, ನನಗೆ! ಅಪ್ಪ ಹುಕುಂ ಕೊಡುತ್ತಾರೆ ಅಷ್ಟೆ. ವಿಕೆಟ್ ಬೀಳಿಸುವವಳು ನಾನು. ಅದೂ ಅಡುಗೆಮನೆಯಲ್ಲಿ ನಿಂತು.

ಇದು ಹೇಗೆ ಶುರುವಾಯಿತು ಎಂದರೆ, ನನಗೆ ಎಂಟೋ ಒಂಬತ್ತೋ ವರ್ಷ. ಅಪ್ಪ ಬೊಂಬಾಯಿಯ ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಬರುವಾಗ ಒಂದು ರೇಡಿಯೊ ಮತ್ತು ಸ್ವಲ್ಪ ಇಂಗ್ಲಿಷು ತಂದಿದ್ದರು. ರೇಡಿಯೊದಲ್ಲಿ ಪಂದ್ಯ ನಡೆಯುತ್ತಿತ್ತು. ಎದುರು ತಂಡದ ಇಬ್ಬರು ಬೆಳಗಿನಿಂದ ಔಟಾಗಿರಲಿಲ್ಲ. ಅಪ್ಪ ನನಗೆ, “ಬಾಯೆ, ಗಂಜಿ ಉಕ್ಕುತ್ತದೆ, ಹೋಗಿ ನೋಡು” ಎಂದರು. ಎಲ್ಲರೂ ನನ್ನನ್ನು ಕರೆಯುವುದು ಬಾಯೆ ಎಂದೇ. ನಾನು ಎದ್ದು ಹೋದೆ, ಒಬ್ಬ ಔಟಾದ. ವಾಪಸು ಬಂದು ಕೂತೆ. ಮುಚ್ಚಳ ತೆಗೆದಿಟ್ಟಿದ್ದೇನಾ ಎಂದು ಸಂಶಯ ಬಂದು ಮತ್ತೆ ಹೋದೆ. ಇನ್ನೊಬ್ಬ ಔಟಾದ. ಮೂರನೆಯ ಸಲ ಅಪ್ಪ ಗಂಜಿಯ ಹೆಸರು ಹೇಳಲಿಲ್ಲ. ಸುಮ್ಮನೆ ಬಾಗಿಲಿನ ಕಡೆಗೆ ಬೆರಳು ತೋರಿಸಿದರು.

ಆ ಬೆರಳು ಇವತ್ತಿನವರೆಗೆ ಇಳಿದಿಲ್ಲ.

ಮದುವೆಯಾಗಿ ಕಲ್ಯಾಣಪುರಕ್ಕೆ ಹೋದೆ. ಇನ್ನು ಬಿಡುಗಡೆ ಎಂದುಕೊಂಡೆ. ಎಲ್ಲಿಯ ಬಿಡುಗಡೆ! ಪಕ್ಕದ ಮನೆಗೆ ಫೋನು ಬಂದಿತ್ತು. ಒಂದು ದಿನ ಅವರ ಹೆಂಗಸು ಓಡಿ ಬಂದು, “ನಿಮ್ಮ ಅಪ್ಪ ಫೋನಿನಲ್ಲಿ ಇದ್ದಾರೆ, ತುಂಬಾ ಅರ್ಜೆಂಟಂತೆ” ಎಂದಳು. ಅಮ್ಮನಿಗೆ ಏನೋ ಆಯಿತು ಎಂದು ಎದೆ ಹಿಡಿದುಕೊಂಡು ಓಡಿದೆ.

“ಬಾಯೆ, ನೀನು ಎಲ್ಲಿದ್ದಿ?”

“ಎಂತ ಆಯಿತು ಪಪ್ಪಾ? ಅಮ್ಮ ಹೇಗಿದ್ದಾರೆ?”

“ಅಮ್ಮನಿಗೆ ಎಂತ ಆಗುವುದು? ನೀನು ಎಲ್ಲಿದ್ದಿ ಹೇಳು. ಮನೆಯ ಒಳಗಾ, ಹೊರಗಾ?”

“ಒಳಗೆ.”

“ಹಾಗಾದರೆ ಹೊರಗೆ ಹೋಗು ಮಾರಾಯ್ತಿ! ಇಲ್ಲಿ ಜೋಡಿ ಮುರಿಯುವುದಿಲ್ಲ!”

ಹೋಗಿ ಪಕ್ಕದವರ ತೆಂಗಿನ ಮರದ ಬುಡದಲ್ಲಿ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಜೋಡಿ ಮುರಿಯಿತು. ಅದೇ ನನ್ನ ಹಣೆಬರಹ! ಆ ದಿನ ಮುರಿಯದೆ ಇದ್ದಿದ್ದರೆ ನಾನು ಯಾವತ್ತೋ ಬಚಾವಾಗುತ್ತಿದ್ದೆ. ಆಮೇಲೆ ಮುರಿಯದ ದಿನಕ್ಕೂ ಅಪ್ಪನ ಹತ್ತಿರ ಉತ್ತರ ಉಂಟು. “ನೀನು ಬಾಗಿಲ ಸಂದಿನಿಂದ ಇಣುಕಿರಬೇಕು.”

ಗಂಡ ತೀರಿಹೋದ ಮೇಲೆ ನಾನು ಶಿರ್ವಕ್ಕೆ ಮರಳಿದೆ. ಅಷ್ಟು ಹೊತ್ತಿಗೆ ಅಮ್ಮನೂ ಇರಲಿಲ್ಲ. ಮನೆಗೆ ಟಿವಿ ಬಂದಿತ್ತು, ಬಣ್ಣದ್ದು. ನಮ್ಮವರ ಬ್ಯಾಟಿಂಗಿಗೆ ನಾನು ಕೂರಬಹುದು. ಬೌಲಿಂಗ್ ಶುರುವಾಗಿ ಅರ್ಧ ಗಂಟೆ ವಿಕೆಟ್ ಬೀಳದಿದ್ದರೆ ಎದ್ದು ಹೋಗಬೇಕು. ಬಿತ್ತು ಎಂದು ಬೊಬ್ಬೆ ಕೇಳಿ ಓಡಿ ಬಂದರೆ ಅಪ್ಪ ಎರಡೂ ಕೈ ಅಗಲಿಸಿ ತಡೆಯುತ್ತಾರೆ. “ಬರಬೇಡ! ಅಂಪೈರ್ ಇನ್ನೂ ನೋಡುತ್ತಾ ಇದ್ದಾನೆ!” ಅಂಪೈರ್ ನೋಡಬಹುದು, ಇಡೀ ಲೋಕ ನೋಡಬಹುದು, ನಾನು ಮಾತ್ರ ನೋಡಬಾರದು. ನನಗೀಗ ಅರವತ್ತೆಂಟು. ನನ್ನಷ್ಟು ವಿಕೆಟ್ ತೆಗೆದವರು ಯಾರೂ ಇಲ್ಲ. ಆದರೆ ಜೋಡಿ ಮುರಿಯುವ ಒಂದು ವಿಕೆಟ್ಟನ್ನೂ ನಾನು ಕಣ್ಣಾರೆ ಕಂಡಿಲ್ಲ! ಇದಕ್ಕೆ ಸಿಟ್ಟು ಬರುವುದಿಲ್ಲವಾ? ನೀವೇ ಹೇಳಿ.

ಹೀಗಿರುವಾಗ ದುಬೈಯಲ್ಲಿರುವ ತಮ್ಮ ಫೋನು ಮಾಡಿದ. ಅಲ್ಲಿ ನಮ್ಮವರ ಪಂದ್ಯ ಉಂಟು, ಪಪ್ಪನಿಗೆ ತೊಂಬತ್ತೊಂದು ಆಯಿತು, ಒಮ್ಮೆಯಾದರೂ ಮೈದಾನದಲ್ಲಿ ನೋಡಲಿ, ನೆರೆಮನೆಯವರು ಬರುವವರಿದ್ದಾರೆ, ಅವರ ಜೊತೆ ಕಳಿಸು ಎಂದ. ಅಪ್ಪ ಫೋನು ಕಿತ್ತುಕೊಂಡು, “ಬಾಯೆ ಬಾರದೆ ನಾನು ಬರುವುದಿಲ್ಲ” ಎಂದರು.

ಶಿರ್ವದಲ್ಲಿ ಸುದ್ದಿಯಾಯಿತು. “ಮಗಳ ಮೇಲೆ ಎಷ್ಟು ಪ್ರೀತಿ ನೋಡಿ!” ಎಂದು ಹೆಂಗಸರೆಲ್ಲ ಹೇಳಿದರು. ನಾನೂ ಮಂಗನಂತೆ ನಂಬಿದೆ. ಕಾಪುವಿಗೆ ಹೋಗಿ ಹೊಸ ಸೀರೆ ತೆಗೆದುಕೊಂಡೆ. ಮೈದಾನದಲ್ಲಿ ಅಡುಗೆಮನೆ ಇರುವುದಿಲ್ಲವಲ್ಲ, ಈ ಸಲ ನೋಡಿಯೇ ನೋಡುತ್ತೇನೆ ಎಂದುಕೊಂಡೆ.

ಮಣಿಪಾಲದ ಡಾಕ್ಟರು, “ಹೋಗಿ, ಆದರೆ ಹೆಚ್ಚು ಉದ್ವೇಗ ಮಾಡಿಕೊಳ್ಳಬಾರದು” ಎಂದರು. ಅಪ್ಪ, “ನಮ್ಮವರ ಬ್ಯಾಟಿಂಗ್ ನೀವು ನೋಡುವುದಿಲ್ಲವಾ ಡಾಕ್ಟ್ರೇ? ಉದ್ವೇಗ ಎಲ್ಲಿಂದ ಬರಬೇಕು, ನಿದ್ರೆ ಬರುತ್ತದೆ” ಎಂದರು.

ವಿಮಾನ ನಿಲ್ದಾಣದಲ್ಲಿ ತಮ್ಮ ಹೇಳಿಟ್ಟಿದ್ದ ಗಾಲಿಕುರ್ಚಿ ಬಂತು. ಅಪ್ಪ ಅದನ್ನು ಸುತ್ತು ಬಂದು ನೋಡಿ, ಹತ್ತು ಕಿಲೋ ಕುಚ್ಚಲಕ್ಕಿಯ ಚೀಲವನ್ನು ಅದರಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ತಾವು ಕೊಡೆ ಊರಿಕೊಂಡು ಮುಂದೆ ನಡೆದರು. ತಳ್ಳುವವನು ನನ್ನ ಮುಖ ನೋಡಿದ. “ತಳ್ಳು ಮಾರಾಯ, ಅಕ್ಕಿಗೂ ವಯಸ್ಸಾಗಿದೆ” ಎಂದೆ. ಮತ್ತೇನು ಹೇಳುವುದು?

ಮೈದಾನ ಎಂದರೆ ಮೈದಾನ! ಹಸಿರು ಎಂದರೆ ಆಟಿ ತಿಂಗಳ ಮಳೆಗೆ ನಮ್ಮ ಗದ್ದೆಯೂ ಅಷ್ಟು ಹಸಿರಿಲ್ಲ. ನಮ್ಮವರು ಮೊದಲು ಬ್ಯಾಟ್ ಮಾಡಿದರು. ನಾನು ಸೀರೆಯ ಸೆರಗು ಸರಿಮಾಡಿಕೊಂಡು ರಾಣಿಯ ಹಾಗೆ ಕೂತು ನೋಡಿದೆ. ಅಪ್ಪನದ್ದೇ ಗಲಾಟೆ. “ಕಾಮೆಂಟರಿ ಎಲ್ಲಿ? ಯಾರೂ ಮಾತಾಡದಿದ್ದರೆ ಎಂತ ನಡೆಯುತ್ತಾ ಉಂಟೆಂದು ಗೊತ್ತಾಗುವುದು ಹೇಗೆ?” ಎದುರಿಗೇ ಆಟ ನಡೆಯುತ್ತಿತ್ತು!

ಆಮೇಲೆ ನಮ್ಮವರ ಬೌಲಿಂಗ್. ಎದುರಿನವರ ಜೋಡಿ ಅಂಟಿಕೊಂಡಿತು. ನಾನು ಆಚೆ ನೋಡುತ್ತಾ ಕೂತೆ. ಅಪ್ಪ ಮೆಲ್ಲಗೆ ಹೇಳಿದರು: “ಬಾಯೆ, ನಿನಗೆ ಬಾಯಾರಿಕೆ ಆಗುವುದಿಲ್ಲವಾ?”

“ಇಲ್ಲ.”

“ಬಚ್ಚಲಿಗೆ?”

“ಇಲ್ಲ ಪಪ್ಪಾ.”

“ವಯಸ್ಸಾಯಿತಲ್ಲ. ಒಮ್ಮೆ ಹೋಗಿ ಬರುವುದು ಒಳ್ಳೆಯದು.”

ಹೋದೆ. ಹಾಳಾದ ಅಭ್ಯಾಸ, ಕಾಲು ತಾನಾಗಿ ಎದ್ದಿತು. ಬಚ್ಚಲಿನ ಹೊರಗೆ ನಿಂತಿದ್ದೆ, ಹಿಂದಿನಿಂದ ಸಮುದ್ರ ಮೊರೆದ ಹಾಗೆ ಬೊಬ್ಬೆ ಎದ್ದಿತು. ವಿಕೆಟ್! ಬಂದು ಕೂತೆ. ಇಪ್ಪತ್ತು ನಿಮಿಷ ಕಳೆದು ಮತ್ತೆ ಕಳಿಸಿದರು. ಮತ್ತೆ ಬಿತ್ತು. ಮೂರನೆಯ ಸಲ ಹೋದಾಗ ಅಲ್ಲಿ ನೆಲ ಒರೆಸುತ್ತಿದ್ದ ಕಾಸರಗೋಡಿನ ಹೆಂಗಸಿಗೆ ನನ್ನ ಮೇಲೆ ಕನಿಕರ ಬಂತು.

“ಅಮ್ಮಾ, ಹೊಟ್ಟೆ ಕೆಟ್ಟಿದೆಯಾ? ಸಕ್ಕರೆ ಹಾಕದೆ ಲಿಂಬೆ ನೀರು ಕುಡಿಯಿರಿ.”

“ನನ್ನ ಹೊಟ್ಟೆ ಸರಿ ಉಂಟು. ನನ್ನ ಅಪ್ಪನ ತಲೆ ಸರಿ ಇಲ್ಲ” ಎಂದೆ.

ವಾಪಸು ಬಂದಾಗ ನನ್ನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ತಮ್ಮ ಸಮಾಧಾನ ಮಾಡಲಿಕ್ಕೆ ಹೋಗಿ ಬಾಯಿಬಿಟ್ಟ. “ಬಾಯೆ, ಅದಕ್ಕೇ ನಿನಗೆ ದಾರಿಯ ಬದಿಯ ಸೀಟು ತೆಗೆದದ್ದು. ಟಿಕೆಟ್ ಮಾಡುವಾಗಲೇ ಪಪ್ಪಾ ಹೇಳಿದ್ದರು, ಬಾಯೆಗೆ ಬಾಗಿಲಿನ ಹತ್ತಿರ ಇರಲಿ, ಆಗಾಗ ಹೋಗಲಿಕ್ಕೆ ಉಂಟು ಅಂತ.”

ಅಂದರೆ? ಮಗಳ ಮೇಲೆ ಪ್ರೀತಿಯಿಂದ ಕರೆತಂದದ್ದಲ್ಲ! ಸಮುದ್ರ ದಾಟಿಸಿ, ಪಾಸ್‌ಪೋರ್ಟ್ ಮಾಡಿಸಿ, ಹೊಸ ಸೀರೆ ಉಡಿಸಿ ತಂದದ್ದು ನನ್ನನ್ನು ಬಚ್ಚಲಿನ ಬಾಗಿಲಲ್ಲಿ ನಿಲ್ಲಿಸಲಿಕ್ಕೆ! ನನ್ನ ಕಿವಿ ಬಿಸಿಯಾಯಿತು. ದುಬೈಯ ಸೆಕೆಗಲ್ಲ.

ಕೊನೆಯ ಓವರ್ ಬಂತು. ಎದುರಿನವರ ಕೊನೆಯ ಜೋಡಿ, ಒಂದು ವಿಕೆಟ್ ಬಿದ್ದರೆ ನಮ್ಮವರು ಗೆದ್ದರು. ಇಡೀ ಮೈದಾನ ಎದ್ದು ನಿಂತಿತ್ತು. ಅಪ್ಪ ನನ್ನ ಕಡೆಗೆ ತಿರುಗಿ ಬೆರಳು ಎತ್ತಿದರು.

“ಹೋಗುವುದಿಲ್ಲ” ಎಂದೆ.

“ಬಾಯೆ, ಒಂದೇ ಓವರ್.”

“ಅರವತ್ತು ವರ್ಷ ಹೋಗಿದ್ದೇನೆ. ಇದನ್ನು ನಾನು ನೋಡುತ್ತೇನೆ.”

“ಸೋತರೆ?”

“ಸೋಲಲಿ! ಅವರೇನು ನನ್ನ ನೆಂಟರಾ? ನನ್ನನ್ನು ಎಬ್ಬಿಸಬೇಕಾದರೆ ಕ್ರೇನು ತರಿಸಿ.”

ಕುರ್ಚಿಯ ಎರಡೂ ಕೈ ಹಿಡಿದುಕೊಂಡೆ. ಐದನೆಯ ಚೆಂಡನ್ನು ಅವನು ಆಕಾಶಕ್ಕೆ ಹೊಡೆದ. ಹೋಯಿತು, ಹೋಯಿತು, ದೀಪದ ಕಂಬದಷ್ಟು ಎತ್ತರಕ್ಕೆ. ಕೆಳಗೆ ನಮ್ಮ ಹುಡುಗ ಕೈ ಒಡ್ಡಿ ನಿಂತಿದ್ದ. ನನ್ನ ಬಾಯಿ ತೆರೆದುಕೊಂಡಿತು, ಕೈ ಎದೆಯ ಮೇಲೆ ಬಂತು. ದೇವರೇ, ಕೊನೆಗೂ ವಿಕೆಟ್ ಬೀಳುವುದನ್ನು ನೋಡುತ್ತೇನೆ ಎಂದು ಹೇಳಲಿಕ್ಕೆ ಪಕ್ಕಕ್ಕೆ ತಿರುಗಿದರೆ ಅಪ್ಪ ಚೆಂಡನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಶಾಪ ಹಾಕುತ್ತಿದ್ದಾರೆ ಎಂದುಕೊಂಡೆ.

ಚೆಂಡು ಹುಡುಗನ ಕೈಗೆ ಬಂತು, ಕೈಯಿಂದ ಜಾರಿತು. ಮುಂದಿನ ಚೆಂಡಿಗೆ ನಾಲ್ಕು. ಸೋತೆವು.

ಅಪ್ಪ ಒಂದು ಮಾತು ಆಡಲಿಲ್ಲ. ತಮ್ಮನ ಮನೆಯಲ್ಲಿ ಮೂರು ದಿನ ಆಡಲಿಲ್ಲ, ವಿಮಾನದಲ್ಲಿ ಆಡಲಿಲ್ಲ. ನನ್ನ ಪಾಲಿನ ಸಿಹಿಯನ್ನು ಮಾತ್ರ ಕೇಳದೆ ತಿಂದರು. ಸರಿ, ನನಗೆ ಗೊತ್ತಿತ್ತು, ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಬಾಗಿಲಲ್ಲಿ ಊರಿಗೆಲ್ಲ ಹೇಳುತ್ತಾರೆ, ಸೋಲಿಸಿದವಳು ಇವಳೇ ಎಂದು. ನನ್ನ ಸಂಗತಿ ಶಿರ್ವದಲ್ಲಿ ಯಾರಿಗೆ ಗೊತ್ತಿಲ್ಲ? ನಾನೂ ಉತ್ತರ ತಯಾರು ಮಾಡಿಟ್ಟೆ. ಒಂದಲ್ಲ, ನಾಲ್ಕು. ಎಲ್ಲ ಖಾರದ್ದು.

ಭಾನುವಾರ ಎಲ್ಲರೂ ಅಪ್ಪನನ್ನು ಸುತ್ತುವರಿದರು. ಒಬ್ಬ ನಗುತ್ತಾ ಕೇಳಿಯೇಬಿಟ್ಟ: “ಎಂತ ಅಜ್ಜೇರೆ, ಕೊನೆಯ ಓವರಿನಲ್ಲಿ ಬಾಯೆ ಒಳಗೇ ಕೂತಿದ್ದರಾ?”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

“ಇಲ್ಲಪ್ಪ” ಎಂದರು ಅಪ್ಪ. “ಅವಳು ಪಾಪ, ಹೊರಗೇ ನಿಂತಿದ್ದಳು. ಇಡೀ ಓವರ್. ಆದರೂ ಸೋತರು. ಅದರಲ್ಲಿ ಎಂತದ್ದೂ ಇಲ್ಲ ಮಾರಾಯ, ಸುಮ್ಮನೆ ನಾವು ನಂಬಿದ್ದು. ಇನ್ನು ಅವಳು ಕೂತೇ ನೋಡಲಿ.”

ನನ್ನ ನಾಲ್ಕೂ ಉತ್ತರಗಳು ಗಂಟಲಲ್ಲೇ ಉಳಿದವು. ಅದಕ್ಕೂ ಸಿಟ್ಟು ಬಂತು. ತಯಾರು ಮಾಡಿದ ಜಗಳವನ್ನು ಹೀಗೆ ಹಾಳು ಮಾಡುವುದಾ?

ಮುಂದಿನ ಶನಿವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಕೇಳಿದರು. ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗಬೇಕಂತೆ. ತೊಂಬತ್ತು ದಾಟಿದವನಿಗೆ ಪಾಪ ಮಾಡಲಿಕ್ಕೆ ಪುರುಸೊತ್ತೆಲ್ಲಿ ಎಂದು ಒಂದು ವರ್ಷದಿಂದ ಆ ಕಡೆ ತಲೆ ಹಾಕದವರು! ಕರೆದುಕೊಂಡು ಹೋದೆ. ಹೊರಗೆ ಬಂದಾಗ ಮುಖ ಸಿಂಡರಿಸಿಕೊಂಡಿದ್ದರು.

“ಎಂತ ಅಂದರು ಪಾದ್ರಿಗಳು?”

“ಮೂರು ಸಲ ‘ನಮಾನ್ ಮರಿಯೆ’ ಪ್ರಾರ್ಥನೆ ಹೇಳಲಿಕ್ಕೆ ಹೇಳಿದರು.”

“ಅಷ್ಟೇ ತಾನೇ? ಮತ್ತೆ ಈ ಮುಖ ಯಾಕೆ?”

“ಇನ್ನು ಮುಂದೆ ಆ ಸುಳ್ಳು ಹೇಳುವುದಿಲ್ಲ ಅಂತ ಮಾತು ಕೊಡು ಅಂದರು” ಎಂದ ಅಪ್ಪ, ನನ್ನ ಭುಜದ ಮೇಲೆ ಕೈಯೂರಿ ಮೆಟ್ಟಿಲು ಇಳಿಯತೊಡಗಿದರು. “ಅದು ಆಗುವುದಿಲ್ಲ ಫಾದರ್, ಯಾರಾದರೂ ಕೇಳಿದರೆ ಇನ್ನೂ ಹೇಳುತ್ತೇನೆ ಅಂತ ಹೇಳಿ ಬಂದೆ.”