ಬಸವನಹುಳುವಿನ ಬೇಲಿಯೂ ಡೊಲೊರೆಸ್‌ಳ ಬಾಯಾರಿಕೆಯೂ

ನೆವಾಡಾದ ಉತ್ತರ ಸೀಮೆಯಲ್ಲಿ ಒಕ್ಕೂಟ ಸರ್ಕಾರಕ್ಕೆ ಸೇರಿದ ಅಷ್ಟೂ ಬಯಲನ್ನು, ಅದರ ಮೇಲಿನ ಪ್ರತಿಯೊಂದು ಪೊದೆಯನ್ನು, ಪೊದೆಯ ನೆರಳಿಗೆ ಕೂತ ಮೊಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವ ಭೂ ಅಧಿಕಾರಿ ಶ್ರೀಮಾನ್ ಡ್ವೈಟ್ ಪೆಂಬರ್ಟನ್ ಅವರಿಗೆ, ಅದೇ ಬಯಲಿನಲ್ಲಿ ಮೂರು ತಲೆಮಾರಿನಿಂದ ದನ ಮೇಯಿಸಿ ತಮ್ಮ ನೆಮ್ಮದಿ ಕೆಡಿಸುತ್ತಿರುವ ಮನೆತನದ ಗ್ರಾಸಿಯಾನಾ ಇತುರಾಲ್ದೆ ಟೋಪಿ ತೆಗೆದು ಮಾಡುವ ವಂದನೆಗಳು.

ಮಾನ್ಯರೇ,

ಹೋದ ವರ್ಷ ಏಪ್ರಿಲ್‌ನಲ್ಲಿ ತಾವು ನಮ್ಮ ಜಗಲಿಗೆ ಬಂದು, ಕುರಿಮಾಂಸ ಹಾಕಿದ ಕಾಳಿನ ಸಾರನ್ನು ಎರಡು ಬಟ್ಟಲು ಖಾಲಿ ಮಾಡಿ, ಬಾಯಿ ಒರೆಸಿಕೊಂಡ ಮೇಲೆಯೇ ಚೀಲದಿಂದ ಕಾಗದ ಹೊರತೆಗೆದದ್ದನ್ನು ನಾನು ಇಂದಿಗೂ ಎಲ್ಲರೆದುರು ಹೊಗಳುತ್ತಿದ್ದೇನೆ. ಕೆಟ್ಟ ಸುದ್ದಿ ಮೊದಲೇ ಹೇಳಿ ಸಾರು ಆರಿಸುವ ಅಧಿಕಾರಿಗಳನ್ನೂ ನಾವು ಕಂಡವರು. ನಮ್ಮ ದನ ನೀರು ಕುಡಿಯುವ ಒರತೆಯಲ್ಲಿ, ಭೂಮಿಯ ಮೇಲೆ ಮತ್ತೆಲ್ಲೂ ಇಲ್ಲದ, ಸಾಸಿವೆ ಕಾಳಿನಷ್ಟು ದೊಡ್ಡ ಬಸವನಹುಳು ಇದೆಯೆಂದೂ, ಗೊರಸಿನ ತುಳಿತಕ್ಕೆ ಅದರ ವಂಶ ಅಳಿಯುವ ಭಯವಿದೆಯೆಂದೂ, ಆದಕಾರಣ ಒರತೆಗೆ ಬೇಲಿ ಬೀಳುವುದೆಂದೂ ತಾವು ಓದಿದಿರಿ. ನನ್ನ ಮೈದುನ ಪೇಯೋ, "ಏನ್ ಸ್ವಾಮೀ, ಹುಳ ತಪ್ಪಿಸ್ಕೊಂಡು ಓಡೋಗ್ತದೆ ಅಂತ ಬೇಲೀನಾ?" ಎಂದಾಗ ತಾವು ನಗದೆ ಅದನ್ನೂ ಬರೆದುಕೊಂಡದ್ದು ತಮ್ಮ ಕರ್ತವ್ಯನಿಷ್ಠೆಗೆ ಸಾಕ್ಷಿ.

ಬೇಲಿ ಬಹಳ ಸುಂದರವಾಗಿತ್ತು, ಐದೆಳೆಯ ಮುಳ್ಳುತಂತಿ. ಸನಿಕೆ ಹಿಡಿದು ಕೆಸರೆತ್ತಿ ಆ ಒರತೆಯನ್ನು ಬಿಡಿಸಿದ ನಮ್ಮಜ್ಜನಿಗೆ ಇಂಥ ಬುದ್ಧಿ ಹೊಳೆದಿರಲಿಲ್ಲ. ಬೇಲಿಯ ಕೆಳಗಿಂದ ಹೊರಕ್ಕೆ ಹರಿದು ಬರುವ ಸಣ್ಣ ತೊರೆಯ ನೀರು ಕುಡಿದು ನಮ್ಮ ಮೂವತ್ತೊಂದು ಹಸುಗಳು ಒಂದು ಬೇಸಿಗೆ ಹೇಗೋ ಕಳೆದವು. ಈ ವರ್ಷ ಆಗಸ್ಟಿನಲ್ಲಿ ಅದೂ ಬೆರಳುಗಾತ್ರವಾದಾಗ, ಮಂದೆಯ ಯಜಮಾನಿ ಡೊಲೊರೆಸ್ ಎಂಬ ಮುದಿ ಹಸು ಮೂಲೆಯ ಕಂಬಕ್ಕೆ ಬೆನ್ನು ತುರಿಸಿಕೊಂಡಳು. ಕಂಬ ಮಲಗಿತು. ಆರು ಹಸುಗಳು ಒಳಗೆ ಮೂತಿಯಿಟ್ಟವು.

ಇಷ್ಟಕ್ಕೆ ತಾವು ನಮ್ಮ ಮೇವಿನ ಪರವಾನಗಿ ರದ್ದು ಮಾಡಿ, ದನ ಹಿಡಿಯಲು ಏಳು ಲಾರಿ, ಒಂದು ಹೆಲಿಕಾಪ್ಟರ್ ಕಳಿಸಿದಿರಿ. ನಮ್ಮ ಕಣಿವೆಗೆ ಆಂಬುಲೆನ್ಸ್ ಬರಲು ಎರಡು ಗಂಟೆ ಹಿಡಿಯುತ್ತದೆ. ನನ್ನ ಗಂಡ ಬಟಿಸ್ಟ್ ಅಷ್ಟು ಹೊತ್ತು ಕಾಯಲಾಗದೆ ಹೋಗಿಬಿಟ್ಟರು. ಹಸುಗಳ ಪುಣ್ಯ ದೊಡ್ಡದು, ಆಕಾಶದಿಂದಲೇ ವಾಹನ ಇಳಿಯಿತು.

ಲಾರಿಯೊಳಗಿಂದ ಕರುಗಳು ಕೂಗುತ್ತಿದ್ದಾಗ, ಪಕ್ಕದ ಕಣಿವೆಯ ಹದಿನಾಲ್ಕು ಮಂದಿ ಬಂದೂಕು ಹಿಡಿದು ರಸ್ತೆಗೆ ಅಡ್ಡ ನಿಂತದ್ದನ್ನು ತಾವು ಕಾರಿನಿಂದಲೇ ನೋಡಿದಿರಿ. ತಮ್ಮ ಮುಖ ಸುಣ್ಣ ಬಳಿದಂತಾಗಿತ್ತು. ನನ್ನದೂ ಹಾಗೇ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನಾನು ಅವರ ಬಳಿ ಹೋಗಿ ಏನಂದೆನೆಂದು ತಮಗೆ ಕೇಳಿಸಿರಲಾರದು. "ಹಸು ಹೋದ್ರೆ ಇನ್ನೊಂದು ಹಸು ತರಬೋದು ಕಣ್ರಪ್ಪಾ. ಆ ಮನುಷ್ಯನ್ನೂ ಮನೇಲಿ ಯಾರೋ ಕಾಯ್ತಿರ್ತಾರೆ. ಬಂದೂಕು ಒಳಗಿಡಿ, ಸಾರು ಒಲೆ ಮೇಲಿದೆ" ಎಂದೆ. ಗೊಣಗುತ್ತ ದಾರಿ ಬಿಟ್ಟು ಬಂದು ಉಂಡರು. ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ಖಾಲಿ ದೊಡ್ಡಿಯ ಮುಂದೆ ಕೂತು ಎರಡು ದಿನ ಕಳೆದೆ.

ಸೋಮವಾರ ಬೆಳಿಗ್ಗೆ ತಮ್ಮ ಫೋನು ಬಂತು. "ಮೇಡಂ, ದಯವಿಟ್ಟು ಬೇಗ ಬನ್ನಿ, ಅವು ನನ್ ಮಾತು ಕೇಳ್ತಾನೇ ಇಲ್ಲ!" ಇಷ್ಟು ಇಂಪಾದ ಸರ್ಕಾರಿ ಆದೇಶ ನನ್ನ ಕಿವಿಗೆ ಅದುವರೆಗೆ ಬಿದ್ದಿರಲಿಲ್ಲ. ತಮ್ಮ ಕಚೇರಿಯ ಹಿಂದಿನ ದೊಡ್ಡಿಯ ಚಿಲಕವನ್ನು ಡೊಲೊರೆಸ್ ನಾಲಿಗೆಯಿಂದಲೇ ತೆಗೆದಿದ್ದಳು. ಆ ಪಟ್ಟಣದಲ್ಲಿ ಹಸಿರೆಂದರೆ ತಮ್ಮ ಕಚೇರಿಯ ಹುಲ್ಲುಹಾಸೊಂದೇ. ನಾನು ಬರುವಷ್ಟರಲ್ಲಿ ಅದು ಮುಗಿದು, ಧ್ವಜಸ್ತಂಭದ ಸುತ್ತಲಿನ ಹೂವಿನ ಪಾತಿಯೂ ಮುಗಿದು, ಒಂದು ಕರು ವಿಚಾರಣಾ ಕಿಟಕಿಯ ಮುಂದೆ ತನ್ನ ಸರದಿಗಾಗಿ ಕಾಯುತ್ತಿತ್ತು. ತಾವು ಮೇಜಿನ ಮೇಲೆ ನಿಂತಿದ್ದಿರಿ. "ಜಪ್ತಿ ದನ ಮುಟ್ಟಿದ್ರೆ ಅಪರಾಧ ಅಂತ ನೀವೇ ಬರ್ಕೊಟ್ಟಿದೀರಲ್ಲ ಸಾರ್, ನಂಗೆ ಜೈಲಿಗೆ ಹೋಗೋ ವಯಸ್ಸಾ?" ಎಂದು ವಿನಯದಿಂದ ಕೇಳಿದೆ. ಮೇಜಿನ ಮೇಲಿಂದಲೇ ತಾವು ಬರೆದುಕೊಟ್ಟಿರಿ: ಶ್ರೀಮತಿ ಇತುರಾಲ್ದೆಯವರು ಈ ಹಸುಗಳನ್ನು ಕೂಡಲೇ ಇಲ್ಲಿಂದ ಕರೆದೊಯ್ಯತಕ್ಕದ್ದು. ಎಲ್ಲಿಗೆ ಎಂದು ಬರೆಯಲಿಲ್ಲ. ನಾನು ಕಾನೂನಿಗೆ ತಲೆಬಾಗುವವಳು, ಮನೆಗೆ ಕರೆದೊಯ್ದೆ.

ಹುಳು ಎಣಿಸಲೆಂದು ಸೆಪ್ಟೆಂಬರಿನಲ್ಲಿ ತಾವು ಕಳಿಸಿದ ಜೀವಶಾಸ್ತ್ರಜ್ಞೆ ರೆನ್ ಹಾಲ್ವರ್ಸನ್ ನಾಲ್ಕು ದಿನ ಕೆಸರಿನಲ್ಲಿ ಬೋರಲು ಮಲಗಿದ್ದಳು. ಬೇಲಿಯೊಳಗೆ ಜೊಂಡು ಆಳೆತ್ತರ ಬೆಳೆದು ನೀರನ್ನೇ ನುಂಗಿತ್ತು, ಹುಳು ಒಂದೂ ಇಲ್ಲ. ಬೇಲಿಯ ಹೊರಗೆ, ದನ ತುಳಿದು ಜೊಂಡು ಬೆಳೆಯಗೊಡದ ಆ ಸಣ್ಣ ತೊರೆಯಲ್ಲಿ, ಇನ್ನೂರ ಹದಿನಾಲ್ಕು! "ಅಜ್ಜೀ, ನಿಮ್ ಹಸುಗಳೇ ಉಳಿಸಿವೆ ಕಣ್ರೀ! ಇದನ್ನ ನಮ್ ಸಾಹೇಬ್ರಿಗೆ ಹೆಂಗ್ ಬರೀಲಿ?" ಎಂದು ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ದೊಡ್ಡ ಅಕ್ಷರದಲ್ಲಿ ಬರಿ ತಾಯಿ" ಎಂದ ಪೇಯೋ.

ತಾವು ಸ್ವತಃ ಬಂದಿರಿ. ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಅರ್ಧ ಗಂಟೆ ಹುಳುವನ್ನೇ ನೋಡಿ, "ತಪ್ಪು ನಂದೇ" ಎಂದಿರಿ. ತಮ್ಮ ಕೈಯಾರೆ ಮುಳ್ಳುತಂತಿ ಸುತ್ತಿಟ್ಟು, ಹತ್ತು ವರ್ಷದ ಪರವಾನಗಿಗೆ ನಮ್ಮ ಊಟದ ಮೇಜಿನ ಮೇಲೆಯೇ ರುಜು ಹಾಕಿದಿರಿ. ಆಗ ನಾನು ಬೆನ್ನು ತಿರುಗಿಸಿ ಈರುಳ್ಳಿ ಹೆಚ್ಚತೊಡಗಿದ್ದು ಅಡುಗೆಗಲ್ಲವೆಂದು ತಮಗೆ ತಿಳಿದಿರಬಹುದು.

ಹೀಗಿರಲು, ನನ್ನ ದೂರು ತಮ್ಮ ಹೊಸ ಆದೇಶದ ಬಗ್ಗೆ. ಹಸುಗಳು ಮೇ ಒಂದರಿಂದ ಇಪ್ಪತ್ತೊಂದರವರೆಗೆ, ಎಂಟೆಂಟರ ಗುಂಪಿನಲ್ಲಿ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಒರತೆಯನ್ನು "ಹದವಾಗಿ ತುಳಿಯತಕ್ಕದ್ದು" ಎಂದಿದ್ದೀರಿ. ಡೊಲೊರೆಸ್‌ಗೆ ಇದನ್ನು ಎರಡು ಸಲ ಓದಿ ಹೇಳಿದೆ, ಕಾಗದ ತಿಂದಳು. ಆದ್ದರಿಂದ ಅವಳಿಗೊಂದು ಕೈಗಡಿಯಾರ, ತಮ್ಮ ಇಲಾಖೆಯ ಟೋಪಿ, ಸಹಾಯಕ ತುಳಿತಾಧಿಕಾರಿ ಎಂಬ ಹುದ್ದೆ, ಹದ ಎಂದರೆ ಎಷ್ಟೆಂದು ಮೊದಲು ತಾನೇ ತುಳಿದು ತೋರಿಸಬಲ್ಲ ಒಬ್ಬ ತಜ್ಞ, ಇಷ್ಟನ್ನು ದಯಪಾಲಿಸಬೇಕು. ಆಗದೆಂದಾದರೆ ಮೇ ಒಂದಕ್ಕೆ ತಾವೇ ಬರಿಗಾಲಲ್ಲಿ ಬನ್ನಿ. ಊಟ ನಮ್ಮಲ್ಲೇ.

ಹತ್ತು ವರ್ಷದ ಮಟ್ಟಿಗೆ, ನವೀಕರಣಕ್ಕೆ ಒಳಪಟ್ಟು,
ತಮ್ಮ ವಿಶ್ವಾಸಿ,
ಗ್ರಾಸಿಯಾನಾ ಇತುರಾಲ್ದೆ

ಮರೆತ ಮಾತು: ಪೇಯೋನ ಸ್ನಾನದ ತೊಟ್ಟಿಯಲ್ಲಿ ಮೊನ್ನೆಯಿಂದ ಚುಕ್ಕೆಚುಕ್ಕೆಯ ಒಂದು ಹಸಿರು ಕಪ್ಪೆ ವಾಸವಾಗಿದೆ. ಅಂಥದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಅದು ಯಾವ ಜಾತಿಯೆಂದು ದಯವಿಟ್ಟು ವಿಚಾರಿಸಬೇಡಿ. ಅವನು ವಾರಕ್ಕೊಮ್ಮೆಯಾದರೂ ಸ್ನಾನ ಮಾಡಬೇಕು, ಒಂದೇ ಮನೆಯಲ್ಲಿರುವವಳು ನಾನು.