ಮೆದೆಗೆ ಗುದ್ದಿ ನಿಲ್ಲುತ್ತಿದ್ದ ಕಾರು

ಬೇರೆ ಮೆಕಾನಿಕ್‌ಗಳ ಹತ್ತಿರ ಬರೀ ಕೆಟ್ಟ ಗಾಡಿಗಳು ಬರ್ತವೆ. ನನ್ನ ಹತ್ತಿರ ಗಾಡಿ ಜೊತೆಗೆ ಅದರ ಮಾಲೀಕರ ಮನೆ ಕಷ್ಟ, ಅವರ ಅವ್ವನ ಬೈಗುಳ, ನೆಂಟರ ಮುನಿಸು ಎಲ್ಲಾ ಬರ್ತವೆ. ಪಾಂಡವಪುರದಲ್ಲಿ ಗ್ಯಾರೇಜು ಇಟ್ಟಾಗಿನಿಂದ ಇದೇ ನನ್ನ ಹಣೆಬರಹ. ಕಬ್ಬಿನ ಟ್ರಾಕ್ಟರು, ಲಾರಿ ಅಂತ ನೆಮ್ಮದಿಯಾಗಿ ಇದ್ದವನಿಗೆ ತೊಂಬತ್ತರ ದಶಕದಲ್ಲಿ ಒಂದು ಹಳೇ ಫಾರಿನ್ ಕಾರು ಗಂಟು ಬಿತ್ತು. ಅದರ ಬ್ರೇಕು ಬದಲಾಯಿಸಿ ಮುಗಿಸೋ ಹೊತ್ತಿಗೆ ನನ್ನ ಮಾನ ಅಕ್ಕಪಕ್ಕದ ತಾಲ್ಲೂಕುಗಳಲ್ಲೆಲ್ಲ ಹರಾಜಾಗಿತ್ತು.

ಗತ್ತಿನ ಸದ್ದು

ಕ್ಯಾತನಹಳ್ಳಿಯ ಗೌಡರೊಬ್ಬರು ಮೈಸೂರಿನ ಯಾರೋ ಶ್ರೀಮಂತರ ಮನೆಯಿಂದ ಆ ಕಾರು ತಂದಿದ್ದರು. ಹಾಲಿನ ಬಣ್ಣ, ಉದ್ದ ಮೂತಿ, ಒಳಗೆ ಚರ್ಮದ ಸೀಟು. ಗೌಡರು ಒಳ್ಳೇವರೇ, ಆದ್ರೆ ಕಾರಿನ ವಿಷಯಕ್ಕೆ ಬಂದ್ರೆ ಮಾತ್ರ ತಲೆ ನಿಲ್ಲುತ್ತಿರಲಿಲ್ಲ. ಕಾರೂ ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು.

ಮೊದಲ ಸಲ ಗ್ಯಾರೇಜಿಗೆ ತಂದಾಗ ಹೊರಗೆ ಕರ್‌ರ್‌ರ್ ಅಂತ ಸದ್ದು. ಬೋರು ಕೊರೆಯೋ ಲಾರಿ ಬಂತೇನೋ ಅಂತ ಎದ್ದು ಬಂದೆ. ನೋಡಿದ್ರೆ ಗೌಡರು ಮೀಸೆ ತಿರುವಿಕೊಂಡು ಇಳೀತಾವ್ರೆ.

"ಗೌಡ್ರೆ, ಇದೇನು ಸದ್ದು?"

"ದೊಡ್ಡ ಕಾರು ಕಣ್ಲಾ. ಗತ್ತು ಬೇಡ್ವಾ? ಈ ಸದ್ದು ಕೇಳಿದ್ರೆ ಊರೋರೆಲ್ಲಾ ದಾರಿ ಬುಡ್ತಾರೆ. ಹಾರ್ನು ಹೊಡೆಯೋ ಪ್ರಮೇಯವೇ ಇಲ್ಲ."

ಮುಂದಿನ ಗಾಲಿ ಬಿಚ್ಚಿ ನೋಡಿದೆ. ಗಾಲಿ ಜೊತೆ ತಿರುಗೋ ಉಕ್ಕಿನ ತಟ್ಟೆ, ಅಂದ್ರೆ ಡಿಸ್ಕು, ಸವೆದು ಹಪ್ಪಳ ಆಗಿತ್ತು. ಅದನ್ನ ಎರಡು ಕಡೆಯಿಂದ ಹಿಡಿದು ನಿಲ್ಲಿಸಬೇಕಾದ ಪ್ಯಾಡಿನಲ್ಲಿ ಮಂದ ಅನ್ನೋದೇ ಉಳಿದಿರಲಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಹಿಂದಿನ ಬ್ರೇಕುಗಳು ನೆಪಕ್ಕೆ. ಕೈಬ್ರೇಕು ಎಂದೋ ಕೈಗೇ ಬಂದಿತ್ತು.

"ಇಷ್ಟು ದಿನ ಎಂಗೆ ನಿಲ್ಲಿಸ್ತಿದ್ರಿ?" ಅಂದೆ.

"ಅದೇನ್ ಮಹಾ! ಗೇರು ಇಳಿಸ್ಕಂಡು ಬಂದು, ನಮ್ಮ ಹಟ್ಟಿ ಮುಂದೆ ಉಲ್ಲಿನ ಮೆದೆ ಅದಲ್ಲ, ಅದಕ್ಕೆ ಮೆತ್ತಗೆ ಮೂತಿ ಕೊಡ್ತೀನಿ. ನಿಂತ್ಕತದೆ."

"ಬೇರೆ ಊರಿಗೆ ಹೋದ್ರೆ?"

"ಮೆದೆ ಇರೋರ ಮನೆಗೆ ಮಾತ್ರ ಓಯ್ತೀನಿ" ಅಂದರು ಗೌಡರು.

ನಾಗಮಂಗಲದ ರಾಗಿ

ಹೊಸ ಡಿಸ್ಕು ಹಾಕಿಸಿ ಅಂದ್ರೂ ಕೇಳದೆ ಗೌಡರು ಗಾಡಿ ತಗೊಂಡು ಹೋದರು. ಆಮೇಲೆ ಆ ಮೆದೆ ನಿಯಮ ಮುರಿದದ್ದೇ ಎಲ್ಲಾ ಅನಾಹುತಕ್ಕೂ ಮೂಲ. ಗೌಡರ ಮಗಳು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಓದುವಾಗ ನಾಗಮಂಗಲದ ಕಡೆಯ ಒಬ್ಬ ಹುಡುಗನನ್ನ ಮೆಚ್ಚಿದ್ದಳು. ಜಾತಕ, ಜಮೀನು ಎಲ್ಲಾ ಕೂಡಿ ಬಂದಿತ್ತು. ಮಾತುಕತೆಗೆ ಅಂತ ಗೌಡರು ಅದೇ ಕಾರಲ್ಲಿ ಹೋದರು. ಹುಡುಗನ ಮನೆ ಮುಂದೆ ಮೆದೆ ಇರಲಿಲ್ಲ. ಹುಡುಗನ ಅಜ್ಜಿ ಒಣಗಲು ಹರವಿದ್ದ ರಾಗಿ ಇತ್ತು. ಕಾರು ರಾಗಿ ಮೇಲೆ ಹತ್ತಿ, ಮೊರ ಮುರಿದು, ಕೋಳಿ ಪಂಜರ ತಳ್ಳಿಕೊಂಡು ಹೋಗಿ ಜಗುಲಿಗೆ ತಾಗಿ ನಿಂತಿತಂತೆ.

ಆ ಮನೇಲಿ ಅಜ್ಜಿ ಮಾತೇ ಮಾತು. "ಗಾಡಿ ನಿಲ್ಸಕ್ಕೆ ಬರದೆ ಇರೋ ಬೀಗ ನಮಗ್ಯಾಕೆ?" ಅಂತ ಎದ್ದುಬಿಟ್ಟಳಂತೆ. ಎಲ್ಲರೂ ಕೈಕಾಲು ಹಿಡಿದ ಮೇಲೆ ಒಂದು ಮಾತು ಕೊಟ್ಟಳು: "ಬರೋ ಶುಕ್ರವಾರ ನಾನೇ ಅದೇ ಕಾರಲ್ಲಿ ಕೂತು ನಿಮ್ಮ ಹಟ್ಟಿಗೆ ಬತ್ತೀನಿ. ಹೊಸಲು ಮುಂದಿನ ರಂಗೋಲಿ ತಾವ ಕಾರು ನಿಂತ್ರೆ ಹೆಣ್ಣು ತರ್ತೀವಿ. ರಂಗೋಲಿ ತುಳಿದ್ರೆ ಸಂಬಂಧ ಇಲ್ಲ."

ಮಾರನೇ ದಿನ ಹುಡುಗಿನೇ ಮೊಪೆಡ್ಡಲ್ಲಿ ಗ್ಯಾರೇಜಿಗೆ ಬಂದಳು. ಕಣ್ಣು ಊದಿಕೊಂಡಿತ್ತು. "ಅಣ್ಣ, ನಮ್ಮಪ್ಪಂಗೆ ಕಾರು ಮಾರು ಅಂದ್ರೆ ಬೇಕಾದ್ರೆ ನಿನ್ನೇ ಬುಟ್ಬುಡ್ತೀನಿ ಅಂತಾರೆ. ನನ್ನ ಮದುವೆ ನಿಮ್ಮ ಕೈಲದೆ" ಅಂದಳು. "ಹೋಗವ್ವ, ರಂಗೋಲಿ ಚುಕ್ಕಿ ಮೇಲೆ ತಂದು ನಿಲ್ಲಿಸ್ತೀನಿ" ಅಂದೆ.

"ಚುಕ್ಕಿ ಮೇಲೆ ಬೇಡಣ್ಣ, ಒಸಿ ಇಂದಕ್ಕೇ ನಿಲ್ಸಿ" ಅಂತ ಅಳುತ್ತಲೇ ತಿದ್ದಿದಳು.

ನಾದ ಯಾವುದು ಚೆನ್ನ

ಆ ಕಾರಿನ ಡಿಸ್ಕು ನಮ್ಮ ಕಡೆ ಯಾರ ಕನಸಲ್ಲೂ ಇರಲಿಲ್ಲ. ಬೆಂಗಳೂರಿನ ನನ್ನ ಪರಿಚಯದವನೊಬ್ಬ ಹೇಗೋ ಹುಡುಕಿ ಹೊಸ ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಮೈಸೂರು ಬಸ್ಸಿಗೆ ಹಾಕಿದ. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಇಳಿಸಬೇಕು ಅಂತ ಮಾತು. ನಾನು ಹೋಗೋದು ಒಂದು ದಿನ ತಡವಾಯ್ತು.

ಹೋಗಿ ನೋಡಿದ್ರೆ ಪ್ಯಾಡಿನ ಡಬ್ಬ ಇದೆ, ಒಂದು ಡಿಸ್ಕು ಹಾಲಿನ ಪಾತ್ರೆ ಮೇಲೆ ಬೋರಲು ಬಿದ್ದಿದೆ. "ಇನ್ನೊಂದು ಎಲ್ಲಯ್ಯಾ?" ಅಂದೆ.

"ಬೆಕ್ಕಿನ ಕಾಟಕ್ಕೆ ಇದೊಂದು ಸಾಕಾಯ್ತು. ಇನ್ನೊಂದನ್ನ ಸ್ಕೂಲಿನವರಿಗೆ ಕೊಟ್ಟೆ. ಗಂಟೆ ಇಲ್ಲ ಅಂತಿದ್ರು ಪಾಪ" ಅಂದ ಪುಣ್ಯಾತ್ಮ.

ಓಡಿದೆ. ಹಿಂದಿನ ಬೀದಿ ಸ್ಕೂಲಿನಲ್ಲಿ ನನ್ನ ಹೊಚ್ಚ ಹೊಸ ಡಿಸ್ಕು ಬೇವಿನ ಮರಕ್ಕೆ ನೇತಾಡ್ತಾ ಇದೆ, ಪ್ರಾರ್ಥನೆಗೆ ಢಣ್ ಢಣ್ ಅಂತ ಹೊಡೀತಾವ್ರೆ. ಒಂದೊಂದು ಏಟೂ ನನ್ನ ತಲೆ ಮೇಲೇ ಬಿದ್ದ ಹಾಗಾಯ್ತು. ಹೆಡ್‌ಮಾಸ್ಟರಿಗೆ ಕೈ ಮುಗಿದು ಒಂದು ಹುಡುಗಿ ಮದುವೆ ಕಥೆ ಪೂರ್ತಿ ಹೇಳಿದೆ. ಅವರು ಕರಗಿದರು, ಆದ್ರೆ ಗಂಟೆ ಬಿಡಲಿಲ್ಲ. "ಬದಲಿಗೆ ಏನಾದ್ರೂ ಕೊಟ್ಟು ತಗೊಂಡ್ಹೋಗಿ" ಅಂದರು. ಅಳತೆ ನೋಡೋಕೆ ಅಂತ ಒಂದು ಸವೆದ ಡಿಸ್ಕು ಚೀಲದಲ್ಲೇ ತಂದಿದ್ದೆ. ಕೊಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ನೇತುಹಾಕಿ, ಕಣ್ಣು ಮುಚ್ಚಿ ಒಂದೊಂದಾಗಿ ಹೊಡೆದು ಕೇಳಿದರು.

"ನಿಮ್ಮ ಹಳೇದೇ ಚೆನ್ನಾಗಿದೆ ಕಣ್ರಿ, ಇಂಪಾಗಿದೆ. ಈ ಹೊಸದು ಕಳಪೆ ಮಾಲು, ಮೋಸ ಹೋಗಿದ್ದೀರ" ಅಂತ ನನಗೇ ಮರುಗಿದರು.

ಹಾಲಿನ ಅಭಿಷೇಕ

ಬುಧವಾರ ಹೊಸ ಡಿಸ್ಕು, ಹೊಸ ಪ್ಯಾಡು ಕೂರಿಸಿದೆ. ಬ್ರೇಕು ಪೈಪಿನ ಗಾಳಿ ತೆಗೆದು, ಬ್ರೇಕಿನ ಎಣ್ಣೆ ತುಂಬಿಸಿ, "ಗೌಡ್ರೆ, ಇನ್ನು ಮೆತ್ತಗೆ ಒತ್ತಿ ಸಾಕು" ಅಂತ ಬಿಡಿಸಿ ಬಿಡಿಸಿ ಹೇಳಿದೆ. ಪರೀಕ್ಷೆಗೆ ಅಂತ ಇಬ್ಬರೂ ಹೊರಟೆವು. ಹಿಂದಿನ ಸೀಟಲ್ಲಿ ಅವರ ಡೈರಿ ಹಾಲಿನ ಕ್ಯಾನು.

ಸಕ್ಕರೆ ಕಾರ್ಖಾನೆ ಹತ್ತಿರ ಕಬ್ಬಿನ ಗಾಡಿಗಳ ಸಾಲು ಅಡ್ಡ ಬಂತು. ಗೌಡರು ಹಳೇ ಅಭ್ಯಾಸದಂತೆ ಎರಡೂ ಕಾಲಲ್ಲಿ ಎದ್ದು ನಿಂತು ಒತ್ತಿದರು. ಕಾರು ಗಕ್ಕನೆ ನಿಂತಿತು. ಹಾಲು ನಿಲ್ಲಲಿಲ್ಲ. ನಮ್ಮಿಬ್ಬರ ನೆತ್ತಿ ಮೇಲೂ ಸುರಿದು ಕಾಲ ತನಕ ಇಳಿಯಿತು. ನಾನು ಬಾಯಿಗೆ ಬಂದ ಬೈಗುಳ ಹಾಲಿನ ಜೊತೆ ನುಂಗಿಕೊಂಡೆ. ಗೌಡರಿಗೆ ಮಾತ್ರ ಆನಂದಬಾಷ್ಪ.

"ನಿಂತ್ಬುಡ್ತು ಕಣ್ಲಾ! ಮೆದೆನೇ ಇಲ್ದೆ ನಿಂತ್ಬುಡ್ತು!"

ಸಂತೋಷ ತಡೀಲಾರದೆ ಆವತ್ತೇ ಹಟ್ಟಿ ಮುಂದಿನ ಮೆದೆ ಕೀಳಿಸಿ ಹಿತ್ತಲಿಗೆ ಹಾಕಿಸಿದರು. ಅಂಗಳ ಬಯಲಾಯ್ತು. ಅಂಗಳ ದಾಟಿದ್ರೆ ಎದುರಿಗೆ ಕಾಣೋದು ತಿಪ್ಪೆ.

ಶುಕ್ರವಾರ

ನಾಗಮಂಗಲದ ಅಜ್ಜಿ ಬಸ್ಸಲ್ಲಿ ಪಾಂಡವಪುರಕ್ಕೆ ಬರೋದು, ಅಲ್ಲಿಂದ ಕಾರಲ್ಲಿ ಕ್ಯಾತನಹಳ್ಳಿಗೆ, ಹಾಗಂತ ಮಾತಾಗಿತ್ತು. ಬೆಳಿಗ್ಗೆನೇ ಗೌಡರು ತಮ್ಮ ಅವ್ವನನ್ನ ಕೂರಿಸಿಕೊಂಡು ಗ್ಯಾರೇಜಿಗೆ ಬಂದರು. ಬೀಗಿತ್ತಿಯನ್ನ ಎದುರುಗೊಳ್ಳಬೇಕಲ್ಲ. ನಾನು ಕೊನೇ ಸಲ ನೋಡೋಣ ಅಂತ ಮುಂದಿನ ಎರಡೂ ಗಾಲಿ ಬಿಚ್ಚಿದೆ. ಎಲ್ಲಾ ಸರಿಯಾಗಿತ್ತು. ಅವ್ವ ಅರಿಶಿನ ಕುಂಕುಮ ತೆಗೆದು, "ಒಸಿ ಪೂಜೆ ಮಾಡ್ತೀನಿ, ನೀವು ಊವು ತಂದ್ಬುಡಿ" ಅಂದರು. ಹೋಗಿ ಹೂವು ತರೋ ಹೊತ್ತಿಗೆ ಬಸ್ಸು ಬಂದೇಬಿಡ್ತು. ಡಿಸ್ಕಿನ ಮೇಲೆ ಕುಂಕುಮದ ಬೊಟ್ಟು, ಥಳಥಳ ಅಂತ ಹೊಳಪು. ಹೊಸದು ಅಲ್ವಾ ಅಂದ್ಕೊಂಡು ಗಡಿಬಿಡಿಯಲ್ಲಿ ಗಾಲಿ ಹಾಕಿದೆ.

ಹಿಂದಿನ ಸೀಟಲ್ಲಿ ಎರಡು ಮುದುಕಿಯರು, ಮುಂದೆ ಗೌಡರು, ಪಕ್ಕದಲ್ಲಿ ನಾನು. ದಾರಿಯುದ್ದಕ್ಕೂ ಗೌಡರು ಬ್ರೇಕು ಮುಟ್ಟಲೇ ಇಲ್ಲ, ಬರೀ ಗೇರಲ್ಲೇ ಸಂಭಾಳಿಸಿದರು. "ಯಾಕೆ ಗೌಡ್ರೆ?" ಅಂತ ಪಿಸುಗುಟ್ಟಿದೆ. "ಸುಮ್ನಿರ್ಲಾ, ಸವೆದೋಯ್ತದೆ. ಹಟ್ಟಿ ಮುಂದೆ ಹೊಸದಾಗೇ ಒತ್ತಣ" ಅಂದರು. ನೆಂಟರು ಬರೋತನಕ ಹೊಸ ಜಮಖಾನ ಹಾಸಬಾರದು ಅನ್ನೋ ಜನ ಇವರು.

ಹಟ್ಟಿ ಬಂತು. ಊರೆಲ್ಲಾ ಸೇರಿತ್ತು. ಹೊಸಲಲ್ಲಿ ಹುಡುಗಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗೌಡರು ನನ್ನ ಮಾತು ನೆನೆಸಿಕೊಂಡು ಮೆತ್ತಗೆ ಒತ್ತಿದರು. ಕಾರು ಹೋಯ್ತು. ಜೋರಾಗಿ ಒತ್ತಿದರು. ಹೋಯ್ತು. ಎದ್ದು ನಿಂತು ಎರಡೂ ಕಾಲಲ್ಲಿ ಒತ್ತಿದರು. ರಂಗೋಲಿ ಹೋಯ್ತು, ಹೂವಿನ ಕುಂಡ ಹೋಯ್ತು. "ಮೆದೆ ಎಲ್ಲಿ? ಮೆದೆ ಎಲ್ಲಿ?" ಅಂತ ಗೌಡರು ಕೂಗುತ್ತಿರುವಾಗಲೇ ಕಾರು ಅಂಗಳ ದಾಟಿ ಮೂತಿ ಸಮೇತ ತಿಪ್ಪೆಯೊಳಗೆ ಹೊಕ್ಕು ನಿಂತಿತು.

ಯಾರಿಗೂ ಏಟಾಗಲಿಲ್ಲ. ಹುಡುಗಿ ಮುಖ ನೋಡೋಕಾಗದೆ ನಾನು ಗೊಬ್ಬರದಲ್ಲೇ ಮಂಡಿಯೂರಿ ಗಾಲಿ ಬಿಚ್ಚಿದೆ. ಗಮ್ಮಂತ ಹರಳೆಣ್ಣೆ ವಾಸನೆ! ಡಿಸ್ಕಿಂದ ತೊಟ್ಟಿಕ್ಕುತ್ತಾ ಇದೆ, ಪ್ಯಾಡು ಹಿಡಿಯೋ ಬದಲು ಜಾರಿದೆ.

"ಯಾವನಯ್ಯ ಇದಕ್ಕೆ ಎಣ್ಣೆ ಹಾಕ್ದೋನು?" ಅಂತ ಕಿರುಚಿದೆ.

"ನಾನೇ ಕಣ್ಲಾ" ಅಂದರು ಗೌಡರ ಅವ್ವ, ತಣ್ಣಗೆ. "ಒಸಾ ಗಾಲಿ, ಒಂದು ತೊಟ್ಟು ಕೀಲೆಣ್ಣೆ ಕಾಣ್ದೆ ಒಣಗೋಗಿತ್ತು. ಗಾಲಿಗೆ ಎಣ್ಣೆ ಇಲ್ದೆ ಬೀಗಿತ್ತಿನ ಕರ್ಕಬರಕ್ಕಾಯ್ತದಾ?"

ಅಷ್ಟರಲ್ಲಿ ನಾಗಮಂಗಲದ ಅಜ್ಜಿ ಸೆರಗು ಕೊಡವಿಕೊಂಡು ಇಳಿದು ಬಂದಳು. ಡಿಸ್ಕಿಗೆ ಬೆರಳು ಹಚ್ಚಿ, ಮೂಸಿ, "ಮನೇಲಿ ಕಾಯ್ಸಿದ್ದಾ?" ಅಂದಳು.

"ಊಂ ಕಣವ್ವ. ನಮ್ಮ ಇತ್ಲದೇ ಹರಳು."

"ಅದಕ್ಕೇ ಅಷ್ಟು ನುಣ್ಣಗೆ ಬಂತು ಗಾಡಿ. ಎಲ್ಲೂ ಎಳೀಲೇ ಇಲ್ಲ." ಅಜ್ಜಿ ತಲೆಯೆತ್ತಿ, ಕಾರು ಹೊಕ್ಕಿದ್ದ ತಿಪ್ಪೆಯನ್ನ ಬುಡದಿಂದ ತುದಿತನಕ ನೋಡಿದಳು. "ಅಬ್ಬಬ್ಬಾ, ಎಂಥಾ ತಿಪ್ಪೆ! ಇಷ್ಟು ಗೊಬ್ಬರ ಆಗ್ಬೇಕಾದ್ರೆ ಕೊಟ್ಟಿಗೇಲಿ ಎಷ್ಟು ದನ ಇರ್ಬೇಕು! ಗಾಲಿಗೆ ಎಣ್ಣೆ ಕಾಣ್ಸೋ ಬುದ್ಧಿ, ದನ ಸಾಕೋ ಕೈ, ಎರಡೂ ಅದೆ ಈ ಹಟ್ಟೀಲಿ. ಹೆಣ್ಣು ನಮ್ಮದು ಕಣವ್ವ!"

ಗೌಡರಿಗೆ ನಂಬಿಕೆ ಬರಲಿಲ್ಲ. "ಅಜ್ಜಿ, ರಂಗೋಲಿ ತುಳಿದ್ಬುಡ್ತಲ್ಲ?" ಅಂತ ಬಾಯಿ ಬಿಟ್ಟರು. ಹುಡುಗಿ ಅವರ ಕಾಲು ತುಳಿದಳು.

"ಅದು ನಿನ್ನ ತಪ್ಪಲ್ಲ ಬುಡಪ್ಪ" ಅಂದ ಅಜ್ಜಿ ನನ್ನ ಕಡೆ ತಿರುಗಿದಳು. "ಗಾಲಿ ಒಣಗಾಕಿ ಕೊಟ್ಟಿದ್ದ ಮೆಕಾನಿಕ್ಕು ಇವನೇನಾ?"

ಊರಿಗೆ ಊರೇ ನನ್ನ ಕಡೆ ಕೈ ತೋರಿಸಿತು. ಮೊದಲು ತೋರಿಸಿದ ಕೈ ಗೌಡರದ್ದು. ಡಿಸ್ಕಿಗೆ ಎಣ್ಣೆ ಹಾಕಬಾರದು ಅಂತ ವಿವರಿಸೋಕೆ ಬಾಯಿ ತೆಗೆದೆ. ಹುಡುಗಿ ದೂರದಿಂದಲೇ ಕೈ ಮುಗಿದು 'ಬೇಡಣ್ಣ' ಅಂತ ತಲೆಯಾಡಿಸಿದಳು. ಆ ಮುಖದಲ್ಲಿ ಆಗಲೇ ಮದುವೆ ಕಳೆ ಬಂದಿತ್ತು. ಬಾಯಿ ಮುಚ್ಚಿಕೊಂಡೆ.

ಮದುವೆ ಜೋರಾಗೇ ಆಯ್ತು. ಡಿಸ್ಕು ತೊಳೆದು, ಪ್ಯಾಡು ಮತ್ತೆ ಬದಲಾಯಿಸಿ, ಗೌಡರ ಅವ್ವ ಹತ್ತಿರ ಸುಳಿಯದ ಹಾಗೆ ನಾನೇ ಕಾರಿಗೆ ಕಾವಲು ಕೂತಿದ್ದೆ. ಊಟ ಮುಗಿಸಿ ಹೊರಡೋವಾಗ ನಾಗಮಂಗಲದ ಅಜ್ಜಿ ಕರೆದು ನನ್ನ ಕೈಗೆ ತಾಂಬೂಲದ ಚೀಲ ಕೊಟ್ಟಳು. ಎಲ್ಲರಿಗಿಂತ ನನ್ನದು ಭಾರವಾಗಿತ್ತು. ಮರ್ಯಾದೆ ಗೊತ್ತಿರೋ ಜನ ಅಂತ ಖುಷಿಯಾಗಿ ಬಿಚ್ಚಿ ನೋಡಿದೆ. ಎಲೆ, ಅಡಿಕೆ, ತೆಂಗಿನಕಾಯಿ, ಜೊತೆಗೆ ಒಂದು ಸೀಸೆ ತುಂಬಾ ಹರಳೆಣ್ಣೆ.

"ಇನ್ನಾದ್ರೂ ಗಾಲಿಗೆ ಆಕಪ್ಪ" ಅಂದಳು ಅಜ್ಜಿ, ಬೆನ್ನು ಸವರಿ. "ಎಲ್ಲಾರೂ ನನ್ನಂಗೆ ಸುಮ್ಕಿರಕ್ಕಿಲ್ಲ."