ಅಮೆರಿಕದ ಅಧ್ಯಕ್ಷರಿಗೆ ಮಾವನ ಮೂಗು

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಕಿಲ್ಲ. ಮೊದಲು ಬರೆದದ್ದು ಕೂದಲು ಎಂದು ನಾನು, ಮೂಗು ಎಂದು ಹೆಂಡತಿ. ಒಟ್ಟಿನಲ್ಲಿ ಎಪ್ಪಿಂಗ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಊಟದ ಮೇಜಿನ ಮೇಲೆ ಅಮೆರಿಕದ ಅಧ್ಯಕ್ಷರ ಚಿತ್ರವೊಂದು ನನ್ನ ಕೈಯಿಂದ ಆಗಿಹೋಯಿತು.

ಕಾರಣ ಮಗಳ ಶಾಲೆಯ ಹೋಂವರ್ಕ್. ಹೊರದೇಶಗಳ ವ್ಯಂಗ್ಯಚಿತ್ರಕಾರರು ಆ ಅಧ್ಯಕ್ಷರನ್ನು ಹೇಗೆ ಬರೆದಿದ್ದಾರೆಂದು ಹುಡುಕಿ ತರಬೇಕು, ಜೊತೆಗೆ ಮನೆಯವರಿಂದಲೂ ಒಂದು ಬರೆಸಬೇಕು. ನಾನೂ ಮಗಳೂ ಕೂತು ಹುಡುಕಿದೆವು. ಇಲ್ಲಿನವರೊಬ್ಬರು ಅವರನ್ನು ಕಾಂಗರೂವಿನ ಹೊಟ್ಟೆಚೀಲದಲ್ಲಿ ಕೂರಿಸಿದ್ದರು; ಕಾಂಗರೂ 'ಜಾಗ ಸಾಕಾಯ್ತಾ' ಎಂದು ಕೇಳುವ ಮುಖ ಮಾಡಿತ್ತು. ಇನ್ನೊಬ್ಬರ ಚಿತ್ರದಲ್ಲಿ ಅವರು ಕರೆಯದೆ ಬಾರ್ಬೆಕ್ಯೂಗೆ ಬಂದು ಇಕ್ಕಳ ಕಸಿದುಕೊಂಡ ಪಕ್ಕದ ಮನೆಯವರು. ಜರ್ಮನಿಯದರಲ್ಲಿ ಭೂಗೋಳ ಬೇಕೆಂದು ಹಟ ಹಿಡಿದ ಮಗು. ಜಪಾನಿನದರಲ್ಲಿ ಅಖಾಡವನ್ನೇ ತುಂಬಿಕೊಂಡ ಸುಮೋ ಪೈಲ್ವಾನ. ಕೂದಲು, ಟೈ ಎಲ್ಲ ಕಡೆ ಒಂದೇ. ಉಳಿದದ್ದು ಆಯಾ ಊರಿನದು. "ನೋಡು, ಎಲ್ಲರೂ ಅಮೆರಿಕ ಅಂದ್ಕೊಂಡು ತಮ್ಮನ್ನ ಹೆದರಿಸೋರನ್ನೇ ಬರೆದಿದ್ದಾರೆ" ಎಂದು ಮಗಳಿಗೆ ದೊಡ್ಡದಾಗಿ ವಿವರಿಸಿ ಪೆನ್ಸಿಲ್ ಹಿಡಿದೆ.

ಮುಗಿದಾಗ ಮಗಳು ನೋಡಿ, "ಅಪ್ಪಾ, ದಟ್ಸ್ ತಾತ" ಅಂದಳು.

ಹೌದು. ಅದೇ ಅಗಲ ಮೂಗು, ರುಚಿ ನೋಡುವ ಮೊದಲೇ ಉಪ್ಪು ಕಮ್ಮಿ ಎನ್ನುವ ಅದೇ ತುಟಿ. ಮಾವ ಮೈಸೂರಿನಿಂದ ಬಂದವರು ವಿಸಿಟರ್ ವೀಸಾದ ಮೂರು ತಿಂಗಳನ್ನು ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿದ್ದಾರೆ: ಮೊದಲು ಮೆಲ್ಬೋರ್ನ್, ಈಗ ನಾವು. ಅಲ್ಲಿನ ನನ್ನ ಷಡ್ಡಕ ದಿನಾ ವಾಕಿಂಗ್ ಕರೆದೊಯ್ಯುತ್ತಿದ್ದರೆಂದು ಕೇಳಿ ಕೇಳಿ ನಮಗೆ ಆ ದಾರಿಯೇ ಪರಿಚಯವಾಗಿದೆ. ಮುನಿಸಿಕೊಂಡು ಮಾವ ಅಲ್ಲಿಗೇ ವಾಪಸ್ ಹೋದರೆ ಹೆಂಡತಿ ಅಕ್ಕನೆದುರು ತಲೆಯೆತ್ತುವ ಹಾಗಿಲ್ಲ, ನಾನು ಹೆಂಡತಿಯೆದುರು.

"ರಬ್ಬರ್ ತಗೊಳ್ರೀ, ಆ ಮೂಗು ಅಳಿಸಿ," ಹೆಂಡತಿ ಪಿಸುಗುಟ್ಟಿದಳು. ಅಷ್ಟರಲ್ಲಿ ಮಾವ ಬಂದು, ಕನ್ನಡಕ ಏರಿಸಿಕೊಂಡು ಕಾಗದ ಎತ್ತಿದರು. ಬಹಳ ಹೊತ್ತು ನೋಡಿದರು. ಎರಡು ಸೆಕೆಂಡೇ ಇದ್ದರೂ ಇರಬಹುದು.

"ಅಳಿಯಂದ್ರೇ, ಅಧ್ಯಕ್ಷರು ಅಂತ ನನಗೆ ಹೇಳ್ಬೇಡಿ. ಇವರು ನಮ್ಮ ಮೆಲ್ಬೋರ್ನ್ ಅಳಿಯಂದ್ರು. ಅದೇ ಗತ್ತು. ವಾಕಿಂಗ್ ವಾಕಿಂಗ್ ಅಂತ ಎಳ್ಕೊಂಡು ಹೋಗಿ ನನ್ನ ಮಂಡಿ ಸವೆಸಿಬಿಟ್ರು."

ಕೂತು ನಕ್ಕರು. ನಾನೂ ನಕ್ಕೆ, ಅಗತ್ಯಕ್ಕಿಂತ ತುಸು ಹೆಚ್ಚೇ. "ಸರಿಯಾಗಿ ಗುರುತು ಹಿಡಿದ್ರಿ ಮಾವ" ಎಂದೂ ಅಂದುಬಿಟ್ಟೆ. ವೀಸಾ ಮುಗಿಯುವವರೆಗೂ ಇಲ್ಲೇ ಇರುವುದಾಗಿ ಅವರು ಘೋಷಿಸಿದರು. ಆ ಖುಷಿಯಲ್ಲೇ ಚಿತ್ರದ ಫೋಟೊ ತೆಗೆದು, 'ಯಾರು ಹೇಳಿ ನೋಡೋಣ' ಎಂದು ಬರೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು.

ಮೆಲ್ಬೋರ್ನಿನಿಂದ ಷಡ್ಡಕರ ಉತ್ತರ ನಿಮಿಷದೊಳಗೆ ಬಂತು: 'ಇದರಲ್ಲಿ ಹೇಳೋದೇನಿದೆ ಮಾವ, ನಿಮ್ಮ ಎಪ್ಪಿಂಗ್ ಅಳಿಯಂದ್ರು.'

ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು ಎದ್ದವು. ಮೊದಲನೆಯದು ನನ್ನ ಹೆಂಡತಿಯದು.